ಸುಲ್ತಾನಬಿಯ ಎಡಗೆನ್ನೆ

೭ ಮಾರ್ಚ್ ೨೦೦೫, ಸೋಮವಾರ

ಹತ್ತಕ್ಕೆ ಹೋದ ಕರೆಂಟು ನಾಲ್ಕಕ್ಕೆ ಬಂತು. ಹೋಮ್‌ಗಾರ್ಡ್ ಅರ್ಜಿಯವರು ಒಂಬತ್ತು ಜನ. ಸ್ಟುಡಿಯೋದ ಬಾಗಿಲ ಬೆಳಕಿನಲ್ಲೇ ಕೂಡಿಸಿ ಫೋಟೋ ತೆಗೆದೆ. ಒಬ್ಬನಾದರೂ ನೆಟ್ಟಗೆ ಕ್ಯಾಮೆರಾ ನೋಡಬೇಕಲ್ಲ — ಇಲ್ಲ.

ಸಂಜೆ ಮೋರಟಗಿಯಿಂದ ಬರುವ ಬಸ್ಸಿಗೆ ಸುಲ್ತಾನಬಿ ಬಂದಳು. ಮದುವೆ ಮನೆಗಳಿಗೆ ರೊಟ್ಟಿ ಬಡಿದುಕೊಡುವವಳು. ಜೊತೆಗೆ ತಮ್ಮ ಜೈನುದ್ದೀನ, ಮುಂದೆ ಅವನೂ ಹೊರದೇಶಕ್ಕೆ ಹೋಗುವವನಂತೆ. ಇಬ್ಬರಿಗೂ ಪಾಸ್‌ಪೋರ್ಟ್ ಫೋಟೋ. ಇವಳ ಗಂಡ ಅಬ್ದುಲರಜಾಕ ಆಲಮಟ್ಟಿ ಡ್ಯಾಮಿನ ಗೇಟ್ ಕೆಲಸದಲ್ಲಿ ವೆಲ್ಡಿಂಗ್ ಕಲಿತವನು, ಮೂರು ವರ್ಷದಿಂದ ದುಬೈ ಕಡೆ ಇದ್ದಾನೆ. ನಮ್ಮವರಿಗೆ ಕಡಲಾಚೆಯದೆಲ್ಲ ದುಬೈಯೇ. ಯಾವ ದೇಶ ಅಂತ ಹೇಳಿದಳು, ಮರೆತೆ. ಮೂರನೇ ಮಾಳಿಗೆಯಿಂದ ಬಿದ್ದು ಬೆನ್ನು ಮುರಿದಿದೆ. ಕೈಗಳು ಮಾತ್ರ ಆಡುತ್ತವಂತೆ.

‘ಬಾ ಅಂತ ಅಳ್ತಾನ್ರಿ ಅಣ್ಣಾರ, ಫೋನಿನ್ಯಾಗ. ಹದಿನೆಂಟು ವರ್ಷ ಬಾಳೇ ಮಾಡೇನಿ, ಅತ್ತಿದ್ದು ಕೇಳಿರಲಿಲ್ಲ’ ಅಂದಳು.

ಕಂಪನಿಯವರು ವೀಸಾ ಕೊಡುತ್ತಾರಂತೆ. ಬೇಗ ಆಗಬೇಕು. ಸೆರಗು ತೆಗೆದು ಕೂತಳು. ಕಿವಿಯಿಂದ ಗದ್ದದ ತನಕ ಎಡಗೆನ್ನೆ ಪೂರ್ತಿ ಸುಟ್ಟ ಕಲೆ. ಹಳೆಯದು. ನಾನು ನೋಡದವನಂತೆ ನೋಡಿದೆ.

೯ ಮಾರ್ಚ್, ಬುಧವಾರ

ಬಿಜಾಪುರದಿಂದ ರೋಲ್ ತೊಳೆದು ಬಂತು. ಜೈನುದ್ದೀನ ಹುಬ್ಬು ಗಂಟಿಕ್ಕಿದ್ದಾನೆ. ಇರಲಿ. ಸುಲ್ತಾನಬಿಯ ನೆಗೆಟಿವ್ ಬೆಳಕಿಗೆ ಹಿಡಿದು ನೋಡಿದೆ. ಪಾಪ ಅನ್ನಿಸಿತು. ಮೊದಲ ಸಲ ವಿಮಾನ ಹತ್ತುವವಳು, ಅಷ್ಟು ಜನ ಪರಕೀಯರ ಕೈಯಲ್ಲಿ ಈ ಕಲೆಯ ಫೋಟೋ...

ಪೆನ್ಸಿಲ್ ಚೂಪು ಮಾಡಿದೆ. ಎರಡು ತಾಸು ಟಚಿಂಗ್. ಇಪ್ಪತ್ತೇಳು ವರ್ಷ ಈ ಊರಿನ ಸಿಡುಬು, ಮಚ್ಚೆ, ಮೊಡವೆ ಎಲ್ಲ ಅಳಿಸಿದ ಕೈ. ನನ್ನ ಟಚಿಂಗ್ ನೋಡಿ ಎಷ್ಟು ಸಂಬಂಧ ಕೂಡಿವೆಯೋ! ಕೆನ್ನೆ ಹಾಲಿನ ಕೆನೆಯ ಹಾಗೆ ಬಂತು. ಅವಳಿಗೆ ಹೇಳಲಿಲ್ಲ. ಹೇಳಿದರೆ ನಾಚಿಕೊಂಡಾಳು.

ಪ್ರಿಂಟ್ ಬಂದ ಮೇಲೆ ಲಕೋಟೆ ಜೈನುದ್ದೀನ ಒಯ್ಯುತ್ತಾನೆ, ನೇರ ಪಾಸ್‌ಪೋರ್ಟ್, ವೀಸಾ ಮಾಡಿಸುವ ಏಜೆಂಟನಿಗೆ. ನೆಗೆಟಿವ್‌ಗಳಿಗೆ ಎಂದಿನಂತೆ ಬೇರೆ ಬೇರೆ ಕವರು — ಹೆಸರು, ತಂದೆಯ ಹೆಸರು, ಊರು, ಮನೆಯ ಗುರುತು. ಪಾಸ್‌ಪೋರ್ಟ್ ಫೋಟೋದ ಮೂರು ತಗಡಿನ ಡಬ್ಬಿಗಳಲ್ಲಿ ಕಡೆಯದಕ್ಕೆ ಹಾಕಿದೆ.

೨೧ ಮಾರ್ಚ್, ಸೋಮವಾರ

ಬಸಂತರಾಯ ಚಹಾಕ್ಕೆ ಬಂದ. ಪೊಲೀಸ್ ಇಲಾಖೆಯಲ್ಲಿ ಪಾಸ್‌ಪೋರ್ಟ್ ವಿಚಾರಣೆ ನೋಡುವವನು, ನನ್ನ ಜೊತೆ ಸಾಲಿಯಲ್ಲಿ ಓದಿದ ಗೆಳೆಯ. ಸುಲ್ತಾನಬಿಯ ಕಾಗದ ತೆಗೆದ.

‘ಮೋರಟಗಿ ತನಕ ಬಿಸಲಾಗ ಯಾವ ಹೋಗ್ಯಾನ? ನಿನಗ ಗೊತ್ತಲ್ಲಾ ಈಕಿ?’

ಗೊತ್ತು ಅಂದೆ. ನನ್ನ ಕೌಂಟರಿನ ಮೇಲೇ ‘ಖುದ್ದು ಭೇಟಿಯಾಗಿ ವಿಚಾರಿಸಿದೆ’ ಅಂತ ಬರೆದು ಸಹಿ ಹಾಕಿದ. ಬೇಗ ಆಯಿತು, ಒಳ್ಳೆಯದೇ.

೨೮ ಏಪ್ರಿಲ್, ಗುರುವಾರ

ಸುಲ್ತಾನಬಿ ಮುಂಬೈ ಬಸ್ ಹತ್ತಿದಳು. ಗಂಡನಿಗೆ ಅಂತ ಒಣಗಿಸಿದ ಕಟಕ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ. ಡಾಕ್ಟರು ಬಿಡುವುದಿಲ್ಲ ಅಂದರೆ ಕೇಳಲಿಲ್ಲ. ‘ವಾಸನಿಯರ ತಗೋಳಿ’ ಅಂದಳು.

೩ ಮೇ, ಮಂಗಳವಾರ. ಮಧ್ಯಾಹ್ನ

ಸುಲ್ತಾನಬಿ ವಾಪಸ್.

ಅಂಗಡಿಗೆ ಬಂದು ನೆಲಕ್ಕೆ ಕೂತಳು. ಕುರ್ಚಿ ಕೊಟ್ಟರೆ ಏಳಲಿಲ್ಲ. ರೊಟ್ಟಿಯ ಗಂಟು ಹಾಗೇ ಇದೆ. ಅವಳು ಹೇಳಿದ್ದನ್ನು ಹೇಳಿದಂತೆ ಬರೆಯುತ್ತೇನೆ.

‘ಇಳದಕೂಡ್ಲೆ ಒಂದು ಮಶೀನ್ ಮುಂದ ನಿಂದ್ರಿಸಿದ್ರು. ಬೆರಳು ಇಡು ಅಂದ್ರು. ಹತ್ತೂ ಇಟ್ಟೆ, ಒಂದೂ ಬರಲಿಲ್ಲ. ಸುಡೋ ಹಂಚಿನ ಮ್ಯಾಲ ರೊಟ್ಟಿ ತಿರುವಿ ತಿರುವಿ ಗೆರಿ ಎಲ್ಲಿ ಉಳದಾವ್ರಿ? ಆಮ್ಯಾಲ ಮುಖಾ ನೋಡಿದ್ರು. ಪಾಸ್‌ಪೋರ್ಟಿನ ಫೋಟೋ ಒಂದು ಕಡೆ, ನನ್ನ ಮುಖ ಒಂದು ಕಡೆ. ಕೆಂಪು ದೀಪ ಹತ್ತಿತು. ಮೂರು ಸಲ ಹತ್ತಿತು. ಒಬ್ಬಾಕಿ ಬಂದು ನನ್ನ ಗಲ್ಲದ ಮ್ಯಾಲ ಬಟ್ಟು ಇಟ್ಟು, ಫೋಟೋದ ಮ್ಯಾಲ ಬಟ್ಟು ಇಟ್ಟು ತೋರ್ಸಿದ್ಳು. ನೀ ಆಕಿ ಅಲ್ಲ ಅಂದ್ರು. ನಾನs ನಾನಲ್ಲಂತ ಅಣ್ಣಾರ!’

ನೀರು ಕೊಟ್ಟೆ.

‘ಕಣ್ಣು ದೊಡ್ಡದು ಮಾಡು ಅಂದು ಕಣ್ಣೊಳಗಿಂದು ಫೋಟೋ ತಗೊಂಡ್ರು. ಯಾಕ ಅಂತ ಯಾರೂ ಹೇಳಲಿಲ್ಲ. ಅದನ್ನ ಎಲ್ಲಿ ಇಡ್ತಾರ್ರಿ? ಮರುದಿನದ ವಿಮಾನಕ್ಕ ಹತ್ತಿಸಿದ್ರು. ಆಸ್ಪತ್ರಿ ಅಲ್ಲಿಂದ ಅರ್ಧಾ ತಾಸಂತ್ರಿ. ಬರೇ ಅರ್ಧಾ ತಾಸು.’

ಮುಂಬೈಯಲ್ಲಿ ಪಾಸ್‌ಪೋರ್ಟ್ ಕಸಿದುಕೊಂಡಿದ್ದಾರೆ. ಇನ್ನೊಬ್ಬಳ ಹೆಸರಲ್ಲಿ ಹೋದವಳು ಅಂತ ಗುಮಾನಿ.

ಹೇಳಬೇಕಾಯಿತು. ಹೇಳಿದೆ — ಕಲೆ ನಾನೇ ಅಳಿಸಿದ್ದು, ಒಳ್ಳೆಯ ಮನಸ್ಸಿನಿಂದ ಅಳಿಸಿದ್ದು. ಅವಳು ರೊಟ್ಟಿಯ ಗಂಟನ್ನು ಮಡಿಲಿಗೆ ಎಳೆದುಕೊಂಡಳು.

‘ನಾ ಏನೋ, ಸ್ಟುಡಿಯೋದಾಗ ಬೆಳಕು ಹಂಗಿರ್ತೈತಿ ಅಂದ್ಕೊಂಡಿದ್ದೆ’ ಅಂದಳು. ಆಮೇಲೆ, ‘ಆಲಮಟ್ಟಿ ಶೆಡ್ಡಿನಾಗ ಸ್ಟೋವ್ ಸಿಡದಾಗ, ಜ್ವರಾ ಬಂದು ಮಲಗಿದ್ದ ಗಂಡನ್ನ ಎಳಕೊಂಡು ಹೊರಗ ಬಂದೇನ್ರಿ ನಾ. ಅವತ್ತಿಂದು ಇದು. ದಿನಾ ಮಲಗೋ ಮುಂದ ಈ ಗಲ್ಲಾ ಮುಟ್ಟೇ ಮಲಗತಿದ್ದ. ಇದನ್ನ ಒರಸ್ರಿ ಅಂತ ನಾ ನಿಮಗ ಕೇಳಿದ್ನೇನ್ರಿ?’

ಇಲ್ಲ. ಕೇಳಿರಲಿಲ್ಲ.

೪ ಮೇ. ಬೆಳಗಿನ ಐದು

ನಿದ್ದೆ ಇಲ್ಲ. ವಿಜಯಲಕ್ಷ್ಮಿಗೆ ಎಲ್ಲ ಹೇಳಿದೆ. ಹೆಂಡತಿ ಅಂದ ಮೇಲೆ ಸಮಾಧಾನದ ಮಾತು ಆಡಿಯಾಳು ಅಂದುಕೊಂಡಿದ್ದೆ. ಎದ್ದು ಹೋಗಿ ನಮ್ಮ ಮದುವೆ ಫೋಟೋ ತಂದಿಟ್ಟಳು.

‘ನನ್ನ ಹಣಿ ಮ್ಯಾಲಿನ ಮಚ್ಚಿ ಎಲ್ಲೈತ್ರಿ ಇದರಾಗ? ಇಪ್ಪತ್ತಾರು ವರ್ಷಾತು, ಗ್ವಾಡಿ ಮ್ಯಾಲ ಯಾವಾಕಿಯೋ ನಿಮ್ಮ ಬಾಜೂಕ ಕುಂತಾಳ. ಆಕಿಗೂ ಒಂದು ಪಾಸ್‌ಪೋರ್ಟ್ ಮಾಡಿಸ್ರಿ.’

ನಗು ಬಂತು, ನಗಲಾಗಲಿಲ್ಲ.

೧೧ ಮೇ, ಬುಧವಾರ

ಬಸಂತರಾಯ. ಈ ಸಲ ಚಹಾ ಬೇಡ ಅಂದ. ಬಾಗಿಲು ಮುಂದಕ್ಕೆ ಎಳೆದು ಮುಚ್ಚಿದ.

‘ಶ್ರೀಶೈಲಾ, ಸುಲ್ತಾನಬಿ ಎಲ್ಲಾ ಹೇಳ್ಯಾಳ. ನಿನ್ನ ಪೆನ್ಸಿಲ್ಲಿನಿಂದ ನನ್ನ ನೌಕರಿಗೆ ಬಂದೈತಿ. ಖುದ್ದು ಭೇಟಿಯಾಗೇನಿ ಅಂತ ಬರದೇನಲ್ಲ, ಈಗ ಮುಖಾ ಹೊಂದವಲ್ದು ಅಂತ ಕಾಗದ ಬಂದೈತಿ.’

ತಪ್ಪು ನನ್ನದು, ಬರೆದುಕೊಡುತ್ತೇನೆ, ನೆಗೆಟಿವ್ ಇದೆ, ತೋರಿಸುತ್ತೇನೆ ಅಂದೆ.

‘ಒಂದು ನೆಗೆಟಿವ್ ತಗೊಂಡು ಏನ್ ಮಾಡ್ಲಿ? ಎಷ್ಟು ಮಂದೀದು ಹಿಂಗ ಅಳಿಸಿ ಕಳಿಸಿದಿ ಅಂತ ಕೇಳ್ತಾರ. ಪಾಸ್‌ಪೋರ್ಟ್ ಫೋಟೋದ ಡಬ್ಬಿ ಅಷ್ಟೂ ಕೊಡು. ಮ್ಯಾಲಿನವ್ರಿಗೆ ನಾನs ಹುಡುಕೇನಿ ಅಂತ ತೋರಿಸ್ತೇನಿ. ನಂದೂ ಉಳೀತೈತಿ, ಆಕೀದೂ ಆಗ್ತೈತಿ.’

ಅದರಲ್ಲಿ ನಾನೂರಕ್ಕೂ ಹೆಚ್ಚು ಜನ ಇದ್ದಾರೆ ಅಂದೆ. ಅವರೇನು ಮಾಡಿದ್ದಾರೆ?

‘ಏನೂ ಮಾಡಿಲ್ಲಂದ್ರ ಅಂಜೂದೇನೈತಿ? ನಾಳೆ ಯಾವನೋ ಒಬ್ಬ ಬ್ಯಾರೇದವನ ಮುಖಾ ಹಚ್ಚಿಕೊಂಡು ಹೋಗಿ ಏನರ ಮಾಡಿದ್ರ, ಸತ್ತವ್ರ ಮನಿಗೆ ನೀ ಹೋಗಿ ಹೇಳ್ತೀಯೇನು?’

ಅವನು ಹೇಳಿದ್ದು ಸುಳ್ಳಲ್ಲ. ಆದರೂ ಡಬ್ಬಿ ಕೊಡುವುದಿಲ್ಲ ಅಂದೆ. ಅವರೆಲ್ಲ ನನ್ನ ಮುಂದೆ ಕೂತದ್ದು ಫೋಟೋಕ್ಕೆ, ಪೊಲೀಸರಿಗಲ್ಲ.

೧೩ ಮೇ, ಶುಕ್ರವಾರ

ಸುಲ್ತಾನಬಿಯನ್ನು ಕೇಳಿದೆ — ನಿನ್ನ ನೆಗೆಟಿವ್ ಪೊಲೀಸರಿಗೆ ಕೊಡಲೇ? ‘ಈ ಸಲ ಕೇಳಿದ್ರಲ್ಲ’ ಅಂದಳು. ಅಷ್ಟೇ. ಕೊಡ್ರಿ ಅಂದಳು.

ಹತ್ತಿಗೆ ಟರ್ಪೆಂಟೈನ್ ಹಚ್ಚಿ ಮೆಲ್ಲಗೆ ಒರೆಸಿದೆ. ಪೆನ್ಸಿಲ್ ಬಿಟ್ಟಿತು. ಎರಡು ತಾಸಿನ ಕೆಲಸ ಎರಡು ನಿಮಿಷಕ್ಕೆ ಹೋಯಿತು. ಕೆಳಗೆ ಕೆನ್ನೆ ಇದ್ದಂತೇ ಇತ್ತು. ನೆಗೆಟಿವ್, ಕಲೆ ಅಳಿಸಿದ್ದ ಹಳೆಯ ಪ್ರಿಂಟು, ನನ್ನ ತಪ್ಪೊಪ್ಪಿಗೆ — ಎಲ್ಲ ಬಸಂತರಾಯನ ಮೇಜಿನ ಮೇಲಿಟ್ಟು ಬಂದೆ. ನೋಡಿದ. ಡ್ರಾವರಿಗೆ ಹಾಕಿದ. ‘ಡಬ್ಬಿ?’ ಅಂದ.

೨೦ ಮೇ, ಶುಕ್ರವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ.

ಬೆಳಗ್ಗೆ ಎದುರಿನ ಎಸ್‌ಟಿಡಿ ಬೂತಿನಲ್ಲಿ ಸುಲ್ತಾನಬಿ ಗಂಡನೊಡನೆ ಮಾತಾಡುತ್ತಿದ್ದಳು. ಗಾಜಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ‘ಬರ್ತೇನಿ, ಬರಾಕತ್ತೇನಿ, ಸ್ವಲ್ಪ ತಡಿ’ — ಇಷ್ಟನ್ನೇ ಹತ್ತು ಸಲ ಅಂದಳು. ಹೊರಗೆ ಬಂದು ನನ್ನ ಕಡೆ ನೋಡಲಿಲ್ಲ. ಜ್ವರ ಏರಿದೆಯಂತೆ, ಬೆನ್ನಿಗೆ ಹುಣ್ಣಾಗಿದೆಯಂತೆ.

ಹನ್ನೊಂದಕ್ಕೆ ಮೂರೂ ಡಬ್ಬಿ ಚೀಲಕ್ಕೆ ಹಾಕಿ ಒಯ್ದು ಕೊಟ್ಟೆ. ಬಸಂತರಾಯ ಮುಚ್ಚಳ ತೆಗೆದು, ‘ಭಾರಿ ಚೊಕ್ಕ ಇಟ್ಟಿದಿ ಬಿಡು, ನಮ್ಮ ಆಫೀಸಿನಾಗೂ ಹಿಂಗಿಲ್ಲ’ ಅಂದ.

ಯಾರಿಗೂ ಹೇಳಿಲ್ಲ. ವಿಜಯಲಕ್ಷ್ಮಿಗೂ ಇಲ್ಲ. ಸುಲ್ತಾನಬಿಗಂತೂ ಇಲ್ಲ. ಒಬ್ಬಳಿಗಾಗಿ ಮಾಡಿದೆ, ತಪ್ಪಾ? ನಾನೂರು ಜನರನ್ನು ಕೇಳಲಿಲ್ಲ. ಮತ್ತೆ ಕೇಳಲಿಲ್ಲ.

೧೬ ಜೂನ್, ಗುರುವಾರ

ಬಸಂತರಾಯನ ವರದಿ ಅವಳ ಪರ ಹೋಗಿದೆ. ಹೊಸ ಪಾಸ್‌ಪೋರ್ಟಿಗೆ ಹೊಸ ಫೋಟೋ. ಸುಲ್ತಾನಬಿ ಕೂತಳು, ತಾನೇ ಸೆರಗು ಹಿಂದೆ ಸರಿಸಿದಳು.

‘ಇದ್ದಂಗ ಬರಲಿ’ ಅಂದಳು.

ಇದ್ದಂತೆ ತೆಗೆದೆ. ಪೆನ್ಸಿಲ್‌ಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ಹೋಗುವಾಗ, ‘ನೀವು ಭಾಳ ಓಡಾಡಿದ್ರಿ ಅಣ್ಣಾರ’ ಅಂದಳು. ಅದನ್ನು ಕೇಳಲಾಗಲಿಲ್ಲ. ಒಳಗೆ ಹೋಗಿ ಲೈಟ್ ಸರಿ ಮಾಡುವವನಂತೆ ನಿಂತೆ.

೪ ಜುಲೈ, ಸೋಮವಾರ

ಪಾಸ್‌ಪೋರ್ಟ್ ಬಂತು. ವೀಸಾ ಬರಲಿಲ್ಲ.

ಏಜೆಂಟ ಬಂದು ಹೇಳಿದ. ಆ ದೇಶದವರ ಪುಸ್ತಕದಲ್ಲಿ ಇವಳು ಸುಳ್ಳು ಗುರುತಿನಿಂದ ಬಂದು ಸಿಕ್ಕವಳು. ಹೆಸರಿನ ಮೇಲಲ್ಲ, ಕಣ್ಣಿನ ಮೇಲೆ ಬರೆದಿಟ್ಟಿದ್ದಾರೆ. ಪಾಸ್‌ಪೋರ್ಟ್ ಹೊಸದಾದರೇನು, ಫೋಟೋ ಹೊಸದಾದರೇನು, ಕಣ್ಣು ಅದೇ. ಐದು ವರ್ಷ ಬರುವ ಹಾಗಿಲ್ಲ. ನನ್ನ ತಪ್ಪೊಪ್ಪಿಗೆ ಕಳಿಸಿದರೆ? ‘ಎಲ್ಲಿಗೆ ಕಳಸ್ತೀರಿ, ಮಶೀನಿಗೇನ್ರಿ?’ ಅಂದ.

ಪೆನ್ಸಿಲ್ ಆದರೆ ಟರ್ಪೆಂಟೈನ್‌ನಿಂದ ಹೋಗುತ್ತದೆ...

ಮೂರು ಡಬ್ಬಿ ಕೊಟ್ಟದ್ದು ಯಾತಕ್ಕೆ? ಬಸಂತರಾಯನ ನೌಕರಿ ಉಳಿಯಿತು. ಅದಕ್ಕೆ. ಡಬ್ಬಿ ವಾಪಸ್ ಕೇಳಲು ಹೋದೆ. ಬಿಜಾಪುರಕ್ಕೆ ಹೋಗಿವೆ, ಅಲ್ಲಿಂದ ಮುಂದೆ ಎಲ್ಲಿಗೋ ಗೊತ್ತಿಲ್ಲ ಅಂದ. ನಿಜವೇ ಹೇಳಿದ ಅನ್ನಿಸಿತು. ಅವನಿಗೂ ಗೊತ್ತಿಲ್ಲ.

೯ ಜುಲೈ, ಶನಿವಾರ

ಬೆಳಗ್ಗೆ ಮೋರಟಗಿಯಿಂದ ಫೋನು ಬಂತಂತೆ, ಚಹಾದ ಅಂಗಡಿಯವರು ಹೇಳಿದರು. ನಿನ್ನೆ ಜೈನುದ್ದೀನನ ಮನೆಗೆ ಪೊಲೀಸ್ ಜೀಪು ಬಂದಿತ್ತು. ಅವನನ್ನು ಬಿಜಾಪುರಕ್ಕೆ ಒಯ್ದಿದ್ದಾರೆ. ಆ ದೇಶದವರ ಪುಸ್ತಕದಲ್ಲಿ ಅಕ್ಕ ಸುಳ್ಳು ಗುರುತಿನವಳು, ತಮ್ಮನೂ ಅದೇ ವಾರ ಅದೇ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ್ದಾನೆ, ಯಾಕೆ — ಅಂತ ಪ್ರಶ್ನೆ. ಹುಬ್ಬು ಗಂಟಿಕ್ಕಿದ ಆ ಫೋಟೋ. ಯಾರು ನೋಡಿದರೂ ಸಿಟ್ಟಿನವನು ಅನ್ನುವ ಹಾಗೆ ಬಂದಿತ್ತು. ಅದನ್ನು ಮಾತ್ರ ಟಚಿಂಗ್ ಮಾಡಿರಲಿಲ್ಲ ನಾನು.

ನಾಲ್ಕು ಗಂಟೆಗೆ ಸುಲ್ತಾನಬಿ ಬಂದಳು. ಅತ್ತಿರಲಿಲ್ಲ. ಬೆಳಗ್ಗೆ ಆಸ್ಪತ್ರೆಗೆ ಫೋನ್ ಹಚ್ಚಿದ್ದಳಂತೆ, ಅಬ್ದುಲರಜಾಕನಿಗೆ ಮಾತು ನಿಂತಿದೆಯಂತೆ. ಹೊಸ ಫೋಟೋ ದೊಡ್ಡದು ಮಾಡಿಕೊಡಿ, ಕಳಿಸುತ್ತೇನೆ, ಅಲ್ಲಿ ನರ್ಸ್ ಒಬ್ಬಳು ಅವನ ಕೈಗೆ ಕೊಡುತ್ತೇನೆ ಅಂದಿದ್ದಾಳೆ ಅಂದಳು. ಎಡಗೆನ್ನೆ ಚೆನ್ನಾಗಿ ಕಾಣಬೇಕು.

ನಾನು ಹೂಂ ಅಂದೆ. ಚೀಟಿಯಲ್ಲಿ ಅಳತೆ ಬರೆದುಕೊಂಡೆ.

ಅವಳು ಏಳಲಿಲ್ಲ. ಡಬ್ಬಿಗಳಿದ್ದ ಜಾಗದ ಕಡೆ ನೋಡುತ್ತಿದ್ದಳು. ಧೂಳಿನಲ್ಲಿ ಮೂರು ಚೌಕದ ಗುರುತು ಇನ್ನೂ ಹಾಗೇ ಇದೆ, ಒರೆಸಿಲ್ಲ.

‘ನಮ್ಮ ತಮ್ಮನ ಮನಿಗೆ ಹೋಗೂ ದಾರಿ ಸೈತ ಗೊತ್ತಿತ್ತಂತ್ರಿ ಅವ್ರಿಗೆ’ ಅಂದಳು. ‘ದರ್ಗಾದ ಹಿಂದ, ಬೇವಿನ ಗಿಡದ ಬಾಜೂ, ನೀಲಿ ಬಾಗಿಲ. ನಮ್ಮನ್ನ ಬಿಟ್ರ ಹಂಗ ಹೇಳಾವ್ರು ನೀವೊಬ್ಬರs ಅಣ್ಣಾರ.’

ಹೌದು. ನನ್ನದೇ ಅಕ್ಷರ. ಕವರಿನ ಮೇಲೆ.

‘ನಿಮ್ಮನ್ನ ಯಾರರ ಹೊಡದು ಬಡದು ಕಸಗೊಂಡ್ರೇನ್ರಿ?’ ಅಂದಳು. ನಾನು ಹೌದು ಅನ್ನಲಿ ಅಂತ ಕಾಯುತ್ತಿದ್ದಳು. ಅವಳ ಮುಖದಲ್ಲೇ ಕಾಣುತ್ತಿತ್ತು. ಆ ಎಡಗೆನ್ನೆಯನ್ನು ನೋಡುತ್ತಾ ನಾನು, ಇಲ್ಲ, ನಾನೇ ಒಯ್ದು ಕೊಟ್ಟೆ ಅಂದೆ.