ಮೂಕವಾಗಿದ್ದ ಬಿಳಿ ಕೀ

ಮಾರ್ಚ್ ೧೪, ಗುರುವಾರ

ಅಪ್ಪ ಕೊಡಿಸಿದ, ಹಾಡು ನುಡಿಸುವ ಹಳೆಯ ಕೀಬೋರ್ಡಿನ ಮುಂದೆ ಕೂತು ಇವತ್ತಿಗೆ ಮೂರು ಸಂಜೆ ಹಾಳಾಯಿತು. ನಡುವಿನ ಒಂದು ಬಿಳಿ ಕೀ ನಾನು ಚಿಕ್ಕವನಿದ್ದಾಗಿನಿಂದ ಮೂಕ. ಕೀಗಳ ಅಡಿಯ ರಬ್ಬರ್ ಪಟ್ಟಿ ಹರಿದರೆ ಬೇರೆ ಸಿಗುವುದಿಲ್ಲವೆಂದು ಅದನ್ನು ಎತ್ತಲೇ ಇಲ್ಲ. ಬೆಸುಗೆ ಬಿಟ್ಟಿರಬೇಕೆಂದು ಒಳಗಿನ ಸರ್ಕ್ಯೂಟ್ ಬೋರ್ಡಿನ ಹಿಂಬದಿಗೆ ಸೋಲ್ಡರಿಂಗ್ ಐರನ್ ಹಿಡಿದೆ. ಕೈ ಜಾರಿ ತಾಮ್ರದ ಗೆರೆ ಸುಟ್ಟಿತು. ಬಲಗಡೆ ಚೆನ್ನಾಗಿ ನುಡಿಯುತ್ತಿದ್ದ ಏಳು ಕೀಗಳೂ ಸತ್ತವು. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ.

ಆ ಮೂಕ ಕೀಯನ್ನು ಬೈದದ್ದು ಕಿವಿಗೆ ಬಿದ್ದು, ಪಾತ್ರೆ ತೊಳೆಯುತ್ತಿದ್ದ ಅಮ್ಮ ಒಳಗಿನಿಂದಲೇ ಕೇಳಿದಳು, "ಯಾವುದು, ಆ ನಡುವಿಂದಾ? ಅದು ಕೆಟ್ಟಿಲ್ಲ ಕಣೋ. ನಿಮ್ಮಪ್ಪ ರಾತ್ರಿ ಪಾಳಿ ಮುಗಿಸ್ಕೊಂಡು ಬಂದು ಮಲಗೋರು, ನೀನು ಅದೊಂದನ್ನೇ ಕುಟ್ತಾ ಕೂರ್ತಿದ್ದೆ. ರೇಡಿಯೋ ರಿಪೇರಿಯವರಿಗೆ ಹೇಳಿ ಅದರಡಿ ಟೇಪ್ ಹಾಕಿಸಿದ್ದೆ."

"ಮೊದಲೇ ಹೇಳಬಾರದಿತ್ತಾ?"

"ನೀನು ಕೇಳಿದ್ಯಾ?"

ರಬ್ಬರ್ ಎತ್ತಿದೆ. ಹಾಳಾದ್ದು, ಹರಿಯಲೂ ಇಲ್ಲ. ಹಳದಿಗಟ್ಟಿದ ಟೇಪಿನ ತುಂಡು ಅಲ್ಲೇ ಇತ್ತು. ಕಿತ್ತು ಒತ್ತಿದರೆ ಗಂಟೆಯ ಹಾಗೆ ನುಡಿಯಿತು. ಈ ಒಂದಕ್ಕೆ ಆ ಏಳು ಬಲಿ. ಸಿಟ್ಟಿಗೆ ಅದನ್ನೇ ಕುಟ್ಟಿದೆ, ಕುಟ್ಟುತ್ತಲೇ ಇದ್ದೆ.

ಅಮ್ಮ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ಅಪ್ಪ ಮಲಗುತ್ತಿದ್ದ ಕೋಣೆಯ ಕಡೆ ನೋಡಿ, "ಮೆಲ್ಲಗೆ ಕಣೋ" ಎಂದಳು.

ಆ ಮಂಚ ಖಾಲಿಯಾಗಿ ಎರಡು ವರ್ಷವಾಯಿತು. ಆದರೂ ಕೈ ತೆಗೆದುಬಿಟ್ಟೆ.