ಉಗುರುಬಣ್ಣ ಹಚ್ಚಿದ ಬೋಲ್ಟು

ಅಂಗವಿಕಲರ ತರಬೇತಿ ಕೇಂದ್ರದ ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರ.

ನಿಮ್ಮಲ್ಲಿ ಬೋಲ್ಟು ವಿಂಗಡಿಸುವ ಒಂಟಿಗೈ ಹುಡುಗಿಯ ಸೋದರಮಾವ ನಾನು. ಓದಿದ್ದು ಏಳನೇ ಕ್ಲಾಸು, ಆದರೆ ನನ್ನ ಮಾತು ಕೇಳಿ ಪೊಲೀಸರೂ ಕುರ್ಚಿ ಕೊಟ್ಟಿದ್ದಾರೆ.

ತಾನು ಆರಿಸಿದ್ದು ಕಾರ್ಖಾನೆಗೆ ಹೋಗುತ್ತದೆಂಬ ಹೆಮ್ಮೆಯಲ್ಲಿ ಹುಡುಗಿ ಒಂದು ಬೋಲ್ಟಿಗೆ ಉಗುರುಬಣ್ಣ ಹಚ್ಚಿ ಕಳಿಸಿದಳು. ಮರುದಿನ ಅದೇ ಬೋಲ್ಟು ಅವಳ ಮುಂದಿನ ರಾಶಿಯಲ್ಲಿತ್ತು. "ನಾನು ತಪ್ಪು ಆರಿಸಿದ್ದೀನಿ ಮಾವ, ಅದಕ್ಕೇ ವಾಪಸ್ ಕಳಿಸಿದ್ದಾರೆ" ಎಂದು ಊಟ ಬಿಟ್ಟಳು.

ನಿನ್ನೆ ಸಂಜೆ ನಿಮ್ಮ ಕಿಟಕಿಯಲ್ಲಿ ಇಣುಕಿದೆ. ಇಣುಕುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಎಲ್ಲರೂ ಹೋದ ಮೇಲೆ ನಿಮ್ಮ ಮೇಸ್ತ್ರಿ, ಅವರು ದಿನವಿಡೀ ಬೇರೆ ಮಾಡಿದ್ದ ಬೋಲ್ಟುಗಳನ್ನೆಲ್ಲ ಒಂದೇ ಬಕೆಟ್ಟಿಗೆ ಸುರಿದು ಹಿಟ್ಟು ಕಲಸಿದಂತೆ ಕಲಸುತ್ತಿದ್ದ. ಕೇಳಿದರೆ, "ಕಾರ್ಖಾನೆನೂ ಇಲ್ಲ, ಗೀರ್ಖಾನೆನೂ ಇಲ್ಲ ಯಜಮಾನ್ರೇ. ಇವರ ಕೈ ಆಡ್ತಾ ಇದ್ರೆ ಸಾಕು" ಅಂದ. ಥೂ! ಹುಲ್ಲು ತೋರಿಸಿ ದನ ಕಟ್ಟುವವನೂ ಕೊನೆಗೆ ಆ ಹುಲ್ಲನ್ನು ತಿನ್ನಿಸುತ್ತಾನೆ ಸ್ವಾಮಿ.

ನಾಳೆ ಅವಳನ್ನು ಬಿಡಿಸಿಕೊಂಡು ಹೋಗಲು ಬರುತ್ತೇನೆ. ಅದಕ್ಕೆ ಮೊದಲು, ಅವಳು ಒಂದು ಬೋಲ್ಟನ್ನೂ ತಪ್ಪಾಗಿ ಆರಿಸಿಲ್ಲವೆಂದು ಎಲ್ಲರೆದುರು ನೀವೇ ಹೇಳಬೇಕು. ನಾನು ಹೇಳಿ ನೋಡಿದೆ. "ನಿಮ್ಮ ಬಡಾಯಿ ಬಿಡಿ ಮಾವ" ಅಂದಳು. ನಿಮ್ಮನ್ನಾದರೆ ಅವಳು ಇನ್ನೂ ನಂಬುತ್ತಾಳೆ.

ಇತಿ,
ಅವಳ ಸೋದರಮಾವ