ಹೋಲಿಕೆಗೆ ಕೊಟ್ಟ ರಕ್ತ

ತಿರುವನಂತಪುರ
ಮಂಗಳವಾರ

ಪ್ರೀತಿಯ ಉಲ್ಲಾಸಣ್ಣ,

ಫೋನಿನಲ್ಲಿ ಹೇಳಿದರೆ ನೀನು ನಗಾಡಿ ಮಾತು ತೇಲಿಸುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ಓಣಂ ರಜೆಯಲ್ಲಿ ಕೊಚ್ಚಿಯಿಂದ ಬಂದಿದ್ದಾಗ ನನ್ನ ಸಂಶೋಧನೆಗೆ ರಕ್ತ ಕೊಟ್ಟೆಯಲ್ಲ. ಲುಕೇಮಿಯಾ ರೋಗಿಗಳ ರಕ್ತದೊಡನೆ ಹೋಲಿಸಲು ನಮಗೆ ಆರೋಗ್ಯವಂತರ ರಕ್ತ ಬೇಕಿತ್ತು. "ನಿನ್ನ ಇಲಿಗಳು ಸಾಕಾಗ್ಲಿಲ್ವಾ ಮಾರಾಯ್ತಿ?" ಎಂದು ನೀನು ತಮಾಷೆ ಮಾಡಿದ್ದೆ.

ಆ ರಕ್ತ ಆರೋಗ್ಯವಂತರ ರಕ್ತದಂತಿಲ್ಲ. ರಕ್ತವನ್ನು ಹುಟ್ಟಿಸುವ ಕಾಂಡಕೋಶಗಳಲ್ಲಿ ಒಂದು ದಾರಿ ತಪ್ಪಿದೆ. ಅದರ ಸಂತತಿಯೇ ಈಗ ನಿನ್ನ ರಕ್ತದ ಕಾಲು ಭಾಗ ತುಂಬಿಕೊಂಡಿದೆ. ನಳಿಕೆ ಅದಲುಬದಲಾಗಿರಲಿ ಎಂಬ ಆಸೆಯಿಂದ ಮೂರು ಸಲ ಪರೀಕ್ಷಿಸಿದೆ. ನಿನಗೆ ತಿಳಿಸಲು ನಮ್ಮ ಸಂಶೋಧನೆಯ ನೈತಿಕ ಸಮಿತಿಯ ಅನುಮತಿ ನಿನ್ನೆ ಬಂತು. ಅಷ್ಟರಲ್ಲಿ ಎರಡು ಭಾನುವಾರ ನಿನ್ನೊಡನೆ ಮೀನುಸಾರಿನ ಮಾತಾಡಿದೆ. "ಕ್ರೇನ್ ಹತ್ತುವಾಗ ಎಂತದೋ ಸುಸ್ತು" ಎಂದು ನೀನು ಹೇಳಿದಾಗಲೂ ಸುಮ್ಮನಿದ್ದೆ.

ಪತ್ರ ಕೈಸೇರಿದ ಮರುದಿನ ವಲ್ಲಾರ್ಪಾಡಂ ಬಂದರಿಗೆ ಕೆಲಸಕ್ಕೆ ಹೋಗಬೇಡ. ರಕ್ತರೋಗ ತಜ್ಞೆಯೊಬ್ಬರ ವಿಳಾಸವನ್ನೂ ನನ್ನ ವರದಿಯನ್ನೂ ಜೊತೆಗಿಟ್ಟಿದ್ದೇನೆ. ಅತ್ತಿಗೆಯನ್ನು ಕರೆದುಕೊಂಡು ಹೋಗು. ಅಮ್ಮನಿಗೆ ಸದ್ಯಕ್ಕೆ ಹೇಳುವುದು ಬೇಡ.

ಒಡಹುಟ್ಟಿದವರು ಎಷ್ಟು ಜನ ಎಂದು ಡಾಕ್ಟರು ಕೇಳಬಹುದು. ಕಾಂಡಕೋಶ ದಾನಕ್ಕೆ ಮೊದಲು ನೋಡುವುದು ಅವರನ್ನೇ. ತಂಗಿ ಒಬ್ಬಳೇ ಎನ್ನು. ನನ್ನ ರಕ್ತ ನಿನಗೆ ಹೊಂದುತ್ತದೆಯೇ ಎಂದು ಆಗಲೇ ನೋಡಿಬಿಟ್ಟೆ. ಅದಕ್ಕೆ ಯಾರ ಅನುಮತಿಯನ್ನೂ ಕೇಳಲಿಲ್ಲ.

ಹೊಂದುವುದಿಲ್ಲ, ಅಣ್ಣ. ಬೇರೆಯವರನ್ನು ಹುಡುಕಲು ಸಮಯ ಬೇಕು. ಮುಂದಿನ ತಿಂಗಳು ನೋಡೋಣ ಎನ್ನಬೇಡ.

ನಿನ್ನ ತಂಗಿ,
ಕಾಮಾಕ್ಷಿ